ಬಾಗಿಲ ಬಳಿ ಮಲಗುತ್ತಿದ್ದವನು

ಮೊಣಕಾಲು ನೆಟ್ಟಗಾಗಲಿಲ್ಲ. ಗ್ರೆಗೋರಿಯಾ ಬಿಸಿನೀರಿನ ಬಟ್ಟೆಯನ್ನು ಹಿಂಡಿ ಗಂಡನ ಕಾಲಿಗೆ ಮತ್ತೊಮ್ಮೆ ಸುತ್ತಿದಳು, ಎರಡೂ ಅಂಗೈ ಊರಿ ಒತ್ತಿದಳು. ಕಾಲು ಅರ್ಧಕ್ಕೆ ಇಳಿದು ಮತ್ತೆ ಮೇಲೆದ್ದಿತು. ನಿಕಾಸಿಯೊ ಬದುಕಿದ್ದಷ್ಟು ಕಾಲ ಮುದುಡಿಕೊಂಡೇ ಮಲಗಿದವನು. ಇವತ್ತು ನಸುಕಿನಲ್ಲಿ ಸತ್ತದ್ದೂ ಹಾಗೆಯೇ, ಮಂಡಿಯನ್ನು ಎದೆಗೆ ಅವುಚಿಕೊಂಡು, ಬಾಗಿಲ ಪಕ್ಕದ ತನ್ನ ಜಾಗದಲ್ಲಿ.

"ಬಿಡವ್ವಾ, ನಾನು ಒತ್ತೀನಿ," ಎಂದಳು ಮಗಳು ಒಬ್ದುಲಿಯಾ.

"ನಿಧಾನ ಕಣೆ. ನೋವಾದೀತು."

ಮಗಳು ತಾಯಿಯ ಮುಖ ನೋಡಿ ಕೈಯ ಬಿಗಿ ಸಡಿಲಿಸಿದಳು.

ಬಡಗಿ ಪಿಯೊ ಹೊಸ್ತಿಲಲ್ಲಿ ನಿಂತು ಅಳತೆಯ ದಾರ ಸುತ್ತಿಕೊಳ್ಳುತ್ತಿದ್ದ. "ಬಯಲುಸೀಮೆ ಕುದುರೆ ಕಣಕ್ಕಾ ನಿನ್ ಗಂಡ, ಸತ್ರೂ ಹೇಳ್ದಂಗೆ ಕೇಳಲ್ಲ. ಪೆಟ್ಟಿಗೇನ ಒಂಚೂರು ಎತ್ತರಕ್ಕೆ ಮಾಡ್ತೀನಿ, ಮಂಡಿ ಮಡಚ್ಕೊಂಡೇ ಹೋಗ್ಲಿ. ಅಲ್ಲೂ ಚಳಿಯಿದ್ರೆ ಏನ್ ಮಾಡ್ತಾನೆ, ಪಾಪ."

ನೆರೆದಿದ್ದ ಹೆಂಗಸರು ನಕ್ಕರು, ನಕ್ಕದ್ದಕ್ಕೆ ಶಿಲುಬೆಯ ಗುರುತು ಮಾಡಿಕೊಂಡರು. ನಿಕಾಸಿಯೊನ ಚಳಿ ಊರಿಗೆಲ್ಲ ಗೊತ್ತಿದ್ದ ತಮಾಷೆ. ನಿಮ್ಮೂರಲ್ಲಿ ಸೂರ್ಯನೂ ಕಂಬಳಿ ಹೊದ್ದೇ ಹೊರಗೆ ಬರುತ್ತಾನೆ ಎಂದು ಅವನೇ ಹೇಳುತ್ತಿದ್ದ. ಕುದುರೆ ಪಳಗಿಸುತ್ತಿದ್ದ ಕೈ ಈ ಬೆಟ್ಟದ ಊರಿಗೆ ಬಂದು ಆಲೂಗಡ್ಡೆ ಅಗೆದು ಅಗೆದೇ ಮುದಿಯಾಗಿತ್ತು.

ಒಬ್ದುಲಿಯಾ ಪೆಟಾರಿಯಿಂದ ಹಳೆಯ ಕಂದು ಕಂಬಳಿಯೊಂದನ್ನು ತೆಗೆದು ತಂದಳು. ಅಪ್ಪನಿಗೆ ಇದನ್ನೇ ಹೊದಿಸಿ ಕಳಿಸೋಣ ಎಂದಳು.

"ಅದು ಬೇಡ," ಎಂದಳು ಗ್ರೆಗೋರಿಯಾ.

"ಯಾಕವ್ವಾ? ಇದ್ರಿಂದಾನೇ ಅಲ್ವಾ ಅಪ್ಪ ಬದುಕಿದ್ದು?"

ಗ್ರೆಗೋರಿಯಾ ಕಂಬಳಿಯ ಅಂಚು ಬಿಡಿಸಿ ತೋರಿಸಿದಳು. ನುಸಿ ತಿಂದಿದೆ ಎಂದಳು. ನುಸಿ ತಿಂದರೇನಂತೆ, ಇಡೀ ಊರಿಗೆ ಗೊತ್ತಿರುವ ಕಂಬಳಿ ಎಂದು ಹೆಂಗಸರು ಒಂದೇ ಬಾಯಲ್ಲಿ ಹೇಳಿದರು. ಹದಿನೆಂಟರ ಹುಡುಗಿಯೊಬ್ಬಳು ಸಾಯುತ್ತಿದ್ದ ಸಿಪಾಯಿಗೆ ಅದನ್ನು ಸುತ್ತಿ ಬೆನ್ನ ಮೇಲೆ ಹೊತ್ತು ತಂದ ಕತೆಯನ್ನು ಹೇಳದೆ ಆ ಊರಿನಲ್ಲಿ ಒಂದು ಮದುವೆಯೂ ಮುಗಿಯುತ್ತಿರಲಿಲ್ಲ. ಗ್ರೆಗೋರಿಯಾ ಎದ್ದು ನೀರು ಚೆಲ್ಲುವ ನೆವದಲ್ಲಿ ಹಿತ್ತಲಿಗೆ ಹೋದಳು.

*

ಗ್ರೆಗೋರಿಯಾಗೆ ಹದಿನೆಂಟಾಗಿದ್ದ ಆ ವರ್ಷ, ಸ್ವಾತಂತ್ರ್ಯಕ್ಕೆ ಎದ್ದವರು ಬಾರದಂತೆ, ಸ್ಪೇನಿನ ದೊರೆಯ ಸೈನ್ಯವು ಎಲ್ಲ ದಾರಿಗಳನ್ನೂ ಕಾಯುತ್ತಿತ್ತು, ಊರಿನ ಮೇಲಿನ ಪಿಸ್ಬಾ ಬೆಟ್ಟದ ಕಣಿವೆದಾರಿಯೊಂದನ್ನು ಬಿಟ್ಟು. ಮಳೆಗಾಲದಲ್ಲಿ ಆ ಮರವಿಲ್ಲದ ಮಂಜಿನ ನೆತ್ತಿಯನ್ನು ಯಾರು ತಾನೇ ದಾಟುತ್ತಾರೆ? ಸ್ವಾತಂತ್ರ್ಯದ ದಂಡು ಅಲ್ಲಿಂದಲೇ ಬಂತು. ಬಯಲುಸೀಮೆಯ ಬಿಸಿಲಲ್ಲಿ ಹುಟ್ಟಿದವರು, ಸೊಂಟಕ್ಕೊಂದು ಬಟ್ಟೆ ಬಿಟ್ಟರೆ ಮೈಮೇಲೆ ಏನೂ ಇಲ್ಲದವರು. ಕುದುರೆಗಳು ದಾರಿಯಲ್ಲೇ ಸತ್ತಿದ್ದವು. ಕೂತವರು ಏಳುತ್ತಿರಲಿಲ್ಲ, ಎಬ್ಬಿಸಲು ಸಂಗಾತಿಗಳೇ ಚಾಟಿಯಿಂದ ಹೊಡೆಯುತ್ತಿದ್ದರು. ಸುದ್ದಿ ತಿಳಿದು ಊರಿನವರು ತಮ್ಮ ಲಂಗ, ಅಂಗಿ, ಹಾಸಿಗೆಯ ಹೊದಿಕೆಗಳನ್ನೆಲ್ಲ ಹೊತ್ತು, ಬಿಸಿ ಬೆಲ್ಲದ ನೀರು ತುಂಬಿಕೊಂಡು ಬೆಟ್ಟ ಹತ್ತಿದರು.

ಕುರಿ ಕಾಯುವ ಹಾದಿ ಗೊತ್ತಿದ್ದ ಗ್ರೆಗೋರಿಯಾ ಎಲ್ಲರಿಗಿಂತ ಮೇಲೆ ಹೋದಳು. ಬಂಡೆಯೊಂದರ ಮರೆಯಲ್ಲಿ ಇಬ್ಬರು ಒರಗಿ ಕೂತಿದ್ದರು. ಒಬ್ಬ ಗಡ್ಡದವನು, ಕಣ್ಣು ತೆರೆದಿದ್ದ. ಇನ್ನೊಬ್ಬ ಎಳೆಯ, ಕಣ್ಣು ಮುಚ್ಚಿದ್ದ; ಅವನ ರೆಪ್ಪೆಗಳ ಮೇಲೆ ಹಿಮದ ಹರಳುಗಳಿದ್ದವು. ಅವಳಲ್ಲಿ ಉಳಿದದ್ದು ತನ್ನ ಮೈಮೇಲಿನ ಕಂಬಳಿ ಒಂದೇ.

"ತಂಗೀ, ನಾ ಹಿಲಾರಿಯೊ. ಇಂವ ನನ್ನ ತಮ್ಮ," ಎಂದ ಗಡ್ಡದವನು. ತುಟಿ ಸರಿಯಾಗಿ ಆಡುತ್ತಿರಲಿಲ್ಲ.

ಅವಳು ಕಂಬಳಿಯನ್ನು ಎಳೆಯವನಿಗೆ ಸುತ್ತಿದಳು. ಅವನು ಹಗುರ, ಹೊರಲು ಆಗುತ್ತದೆ ಎಂದು ಲೆಕ್ಕ ಹಾಕಿದೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ನಿಜವೇನೆಂದರೆ ಅವಳು ಲೆಕ್ಕ ಹಾಕಲಿಲ್ಲ. ಆ ರೆಪ್ಪೆಗಳನ್ನು ನೋಡಿದಳು, ಅಷ್ಟೇ.

ಎದ್ದು ನಿಂತಾಗ ಲಂಗ ಎಳೆದಂತಾಯಿತು. ಹಿಲಾರಿಯೊ ಅಂಚು ಹಿಡಿದಿದ್ದ. "ನಂಗೂ ಜೀವ ಐತಿ ತಂಗೀ," ಎಂದ.

ಮತ್ತೆ ಬರ್ತೀನಿ ಎಂದಳು. ಬಗ್ಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಇಳಿದು ಬರುವಷ್ಟರಲ್ಲಿ ಮಂಜು ಕವಿಯಿತು. ಇನ್ನೊಬ್ಬನಿದ್ದಾನೆ ಎಂದು ಅವಳು ಅಪ್ಪನಿಗೆ ಹೇಳಬಹುದಿತ್ತು. ಒಲೆಯ ಮುಂದೆ ಆ ಎಳೆಯವನ ಅಂಗಾಲು ತಿಕ್ಕುತ್ತ ಕೂತುಬಿಟ್ಟಳು.

ಬೆಳಿಗ್ಗೆ ಮೇಲೆ ಹೋದವರು ಬಂಡೆಯ ಬಳಿ ಒಂದು ಹೆಣವಿದೆ ಎಂದರು.

ಚಳಿಗೆ ಕಾಲ್ಬೆರಳುಗಳು ಹೋಗಿದ್ದರಿಂದ ನಿಕಾಸಿಯೊ ದಂಡಿನ ಜೊತೆ ಮುಂದೆ ಹೋಗಲಿಲ್ಲ. ಯುದ್ಧ ಗೆದ್ದ ಸುದ್ದಿಯನ್ನು ಅವನು ಹಾಸಿಗೆಯಲ್ಲೇ ಕೇಳಿದ. ಜ್ವರ ಬಿಟ್ಟ ದಿನ ಅವಳನ್ನು ಕೇಳಿದ್ದು ಒಂದೇ: "ನಮ್ಮಣ್ಣ?"

"ನಾ ಅಲ್ಲಿಗೆ ಬರೋ ಹೊತ್ಗೇ ಜೀವ ಹೋಗ್ಬಿಟ್ಟಿತ್ತು."

ಅವನು ಅವಳನ್ನೇ ಸ್ವಲ್ಪ ಹೊತ್ತು ನೋಡಿ, "ಆತು," ಎಂದ. ಆಮೇಲೆ ಆ ಮನೆಯಲ್ಲಿ ಇಬ್ಬರೂ ಅಣ್ಣನ ಮಾತು ಎತ್ತಲಿಲ್ಲ. ಮಕ್ಕಳ ಮುಂದೆಯೂ ಇಲ್ಲ.

*

ಹೂಳುವ ಮುನ್ನ ಚರ್ಚಿನ ಪೂಜೆಯಲ್ಲಿ ಪಾದ್ರಿಗಳು ಕಂಬಳಿಯ ಕತೆಯನ್ನೇ ಹೇಳಿದರು. ಪ್ರೀತಿ ಎಂಬುದು ಹೀಗೆ ಬೆನ್ನ ಮೇಲೆ ಹೊರುವ ಭಾರ ಎಂದರು. ಗ್ರೆಗೋರಿಯಾ ತಲೆ ತಗ್ಗಿಸಿ ಕೂತಿದ್ದಳು. ದುಃಖ ಎಂದುಕೊಂಡು ಪಕ್ಕದವಳು ಅವಳ ಬೆನ್ನು ಸವರಿದಳು.

ಮಣ್ಣು ಮುಚ್ಚುವಾಗ ಬ್ರೌಲಿಯೊ ಬಂದ. ಬಯಲುಸೀಮೆಯಿಂದ ವರ್ಷಕ್ಕೊಮ್ಮೆ ಇದೇ ಕಣಿವೆ ದಾಟಿ ದನ ಹೊಡೆದುಕೊಂಡು ಬರುತ್ತಿದ್ದ ಮುದುಕ, ಅದೇ ದಂಡಿನಲ್ಲಿದ್ದವನು. ಸುದ್ದಿ ದಾರಿಯಲ್ಲಿ ಸಿಕ್ಕಿತಂತೆ. ದನಗಳನ್ನು ಹೊಳೆಯ ಬಳಿಯೇ ಬಿಟ್ಟು ಓಡಿಬಂದಿದ್ದ. ಜನ ಚದುರಿದ ಮೇಲೆ ಅವಳ ಪಕ್ಕ ಸ್ಮಶಾನದ ಗೋಡೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡ.

"ನಾ ಬಂದಾಗೆಲ್ಲಾ ಇಬ್ಬರೂ ಕೂಡಿ ಆ ಕಲ್ಲಿನತನಕ ಹೋಗತಿದ್ವಿ ನೋಡ್ರಿ," ಎಂದ. "ಅಣ್ಣನ ಹತ್ರ."

ಗ್ರೆಗೋರಿಯಾಗೆ ಗೊತ್ತಿರಲಿಲ್ಲ. ದನ ದಾಟಿಸಿಕೊಡಲು ಗಂಡ ಜೊತೆಗೆ ಹೋಗುತ್ತಾನೆ ಎಂದುಕೊಂಡಿದ್ದಳು.

"ಅವಂಗ ಅದೊಂದ ಕೊರಗು. ಕಣ್ಣು ತೆರೀಬೇಕಿತ್ತು ಬ್ರೌಲಿಯೊ, ಅಂತಿದ್ದ."

"ಯಾವಾಗ?"

"ನೀವು ಬಂದಿದ್ರಲ್ಲಾ, ಆವಾಗ. ಎಚ್ಚರ ಇತ್ತಲ್ಲ ಅವಂಗ." ಅವಳ ಮುಖ ನೋಡಿ ಅವನ ಮಾತು ನಿಂತಿತು. "ನಿಮಗ ಹೇಳ್ಯಾನ ಅಂತ ಮಾಡಿದ್ದೆ, ತಾಯಿ."

ಅವಳು ಅವನ ಕಡೆಗೆ ಪೂರ್ತಿ ತಿರುಗಿ ಕೂತಳು. ಉಳಿದದ್ದನ್ನು ಅವನು ನೆಲ ನೋಡುತ್ತ ಹೇಳಿದ. ನಿಕಾಸಿಯೊ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಣ್ಣ ಬೇಡಿಕೊಂಡದ್ದನ್ನು, ಇವಳು ಬರ್ತೀನಿ ಎಂದದ್ದನ್ನು. ಕಣ್ಣು ತೆರೆದರೆ, ತನ್ನಲ್ಲಿ ಇನ್ನೂ ಕಸುವಿದೆ ಎಂದುಕೊಂಡು ಹುಡುಗಿ ತನ್ನನ್ನು ಬಿಟ್ಟು ಅಣ್ಣನನ್ನು ಎತ್ತಿಕೊಂಡಾಳು ಎಂದು ಹೆದರಿದ್ದ. ಹೆಣದ ಹಾಗೆ ಬಿದ್ದುಕೊಂಡೇ ಅವಳ ಬೆನ್ನೇರಿದ್ದ.

ಅವಳು ಕೇಳಿದಳು: "ನಂಗ್ಯಾಕೆ ಹೇಳ್ಲಿಲ್ಲ?"

"ನಾನೂ ಅದನ್ನ ಕೇಳಿದೆ. ನಾ ಹೇಳಿದ್ರ ಆಕಿ ಸುಳ್ಳು ನನಗ ಗೊತ್ತೈತಿ ಅಂತ ಆಕಿಗೆ ತಿಳೀತದ, ಆಮ್ಯಾಲೆ ಇಬ್ಬರೂ ಒಂದ ಮನ್ಯಾಗ ಹೆಂಗ ಇರೋದು, ಅಂದ."

ಗೋಡೆಯಾಚೆ ಪಿಯೊ ಸನಿಕೆಯ ಮಣ್ಣು ಕೆರೆದು ತೆಗೆಯುತ್ತಿದ್ದ. ಅವಳಿಗೆ ಒಲೆಯ ಪಕ್ಕದ ಜಾಗ ನೆನಪಾಯಿತು. ಮದುವೆಯಾದ ದಿನದಿಂದ ಅದನ್ನು ಅವನಿಗೆಂದೇ ಬಿಟ್ಟಿದ್ದಳು. ಚಳಿಯವನು ಎಂಬ ಕರುಣೆಯೊಂದೇ ಅಲ್ಲ, ಸತ್ತವನಿಗೆ ಕೊಡಬೇಕಾದದ್ದನ್ನು ಬದುಕಿದವನಿಗೆ ತೀರಿಸುವ ಹಟವೂ ಇತ್ತು. ಅವನು ದಿನಾ ಹಾಸಿಗೆಯನ್ನು ಎಳೆದುಕೊಂಡು ಹೋಗಿ ಗಾಳಿ ನುಗ್ಗುವ ಬಾಗಿಲ ಬಳಿ ಮಲಗುತ್ತಿದ್ದ. ಕೇಳಿದರೆ, ಬಯಲಿನವನಿಗೆ ಗಾಳಿ ಬೇಕು ಎಂದು ನಗುತ್ತಿದ್ದ. ಮೊಂಡ ಎಂದು ಅವಳೂ ನಗುತ್ತಿದ್ದಳು. ಒಂದೇ ಮನುಷ್ಯನಿಗಾಗಿ ಇಬ್ಬರೂ ಒಂದೇ ಸೂರಿನಡಿ, ಒಬ್ಬರಿಗೊಬ್ಬರು ತಿಳಿಸದೆ ಪ್ರಾಯಶ್ಚಿತ್ತ ಮಾಡಿದ್ದರು. ಅವನಿಗೆ ಅವಳದು ಗೊತ್ತಿತ್ತು. ಅವಳಿಗೆ ಅವನದು ಗೊತ್ತಿರಲಿಲ್ಲ.

"ನಾನು ಹೇಳ್ಬಹುದಿತ್ತು," ಎಂದಳು. ಬ್ರೌಲಿಯೊ ಗೋಡೆಯಿಂದಿಳಿದು ಅವಳಿಗೆ ಕೈ ಕೊಟ್ಟು ಎಬ್ಬಿಸಿದ.

*

ಸಂಜೆ ಮನೆ ತುಂಬ ಜನ. ಗಂಡಸರು ಅಂಗಳದಲ್ಲಿ ಮೆಕ್ಕೆಜೋಳದ ಹೆಂಡದ ಬೋಗುಣಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒಳಗೆ ಜಪಸರದ ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಜಪ ಹೇಳಿಸುವ ಅಜ್ಜಿ ಮನೆಯ ತೀರಿಕೊಂಡವರ ಹೆಸರುಗಳನ್ನು ಕೂಗಲು ತೊಡಗಿದಳು: ಮೊದಲು ನಿಕಾಸಿಯೊ, ಆಮೇಲೆ ಗ್ರೆಗೋರಿಯಾಳ ಅಪ್ಪ, ಅವ್ವ. ಅವನ ಕಡೆಯವರ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ವಾಡಿಕೆಯಂತೆ ಕೇಳಿದಳು.

"ಅವ್ನ ಕಡೆಯೋರು ಯಾರಾದ್ರೂ ಇದ್ರಾ, ಮಗಾ?"

"ಹಿಲಾರಿಯೊ," ಎಂದಳು ಗ್ರೆಗೋರಿಯಾ. "ಅವರಣ್ಣ. ಬೆಟ್ಟದ ಮೇಲೆ ತೀರ್ಕೊಂಡ್ರು."

ಒಬ್ದುಲಿಯಾ ತಿರುಗಿ ನೋಡಿದಳು. "ಅಪ್ಪಂಗೆ ಅಣ್ಣ ಇದ್ರಾ?"

ಗ್ರೆಗೋರಿಯಾ ಮಗಳ ಕೈ ಹಿಡಿದುಕೊಂಡಳು. ಅಜ್ಜಿ ಹೆಸರನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿ, ದನಿಯೆತ್ತಿ ಕೂಗಿದಳು. ಅಂಗಳದಲ್ಲಿದ್ದವರು ಬೋಗುಣಿ ಕೆಳಗಿಟ್ಟು, ಟೋಪಿ ತೆಗೆದು ಬಾಗಿಲಿಗೆ ಬಂದು ನಿಂತರು. ಆ ಹೆಸರನ್ನು ಎಂದೂ ಕೇಳದ ಊರು ಒಂದೇ ದನಿಯಲ್ಲಿ ಹೇಳಿತು: "ಸ್ವಾಮೀ, ಹಿಲಾರಿಯೊನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು."