ಎಡಪಕ್ಕೆಯ ಚೂರು

ಚಿಕ್ಕೋಡಿ ಬಸ್ ನಿಲ್ದಾಣದ ಎದುರು ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುವ ನಿವೃತ್ತ ಸುಬೇದಾರ ಮುರಗೆಪ್ಪ ಡಾಕ್ಟರರ ಚೀಟಿಯನ್ನು ಎರಡು ಸಲ ಓದಿದ.

"ಹೃದಯ ನಿಂತು ಸಹಜ ಸಾವು ಅಂತ ಬರದಾರಲ್ಲ, ತಾಯಿ. ಗಾಯದ ಸುದ್ದಿನ ಇಲ್ಲ."

ತಾರಾಬಾಯಿ ಸೆರಗು ಬಿಗಿಮಾಡಿಕೊಂಡಳು. ಅವಳ ಗಂಡ ತುಕಾರಾಮ ಎಪ್ಪತ್ತೊಂದರ ಯುದ್ಧದಿಂದ ಎಡಪಕ್ಕೆಯಲ್ಲಿ ಶೆಲ್ಲಿನ ಚೂರು ಹೊತ್ತು, ಕೃಷ್ಣೆಯ ದಂಡೆಯ ತನ್ನ ಊರಾದ ಸತ್ತಿಗೆ ಮರಳಿದ್ದ. ಪಕ್ಕೆ ಕೊಯ್ದು ನೋಡಿದ ಮಿಲಿಟರಿ ಡಾಕ್ಟರರು, ತೆಗೆದರೆ ಅಪಾಯವೆಂದು ಅದನ್ನು ಅಲ್ಲೇ ಬಿಟ್ಟಿದ್ದರು. ಆ ಕಾಗದ ಇತ್ತು. ೧೯೮೬ರ ಡಿಸೆಂಬರಿನಲ್ಲಿ ತುಕಾರಾಮ ರಕ್ತ ಕಾರಿ ಸತ್ತ. ಆ ಚೂರೇ ಕೊಂದಿತೆಂದು ತೋರಿಸಿದರೆ ವಿಶೇಷ ಕುಟುಂಬ ಪಿಂಚಣಿ; ಇಲ್ಲದಿದ್ದರೆ ಹೆಚ್ಚುಕಡಿಮೆ ಅದರ ಅರ್ಧ.

"ಪೋಸ್ಟ್‌ಮಾರ್ಟಮ್ ಯಾಕ ಮಾಡಿಸಲಿಲ್ಲ?"

ಜೊತೆಗೆ ಬಂದಿದ್ದ ಅವಳ ಮೈದುನ ಜ್ಞಾನದೇವ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಾನ ಡಾಕ್ಟರ ಕಾಲು ಹಿಡದೆರಿ. ಒಮ್ಮೆ ಕೊಯ್ಸಿಕೊಂಡ ಮೈ, ಮತ್ತ ಕೊಯ್ಯೂದು ಬ್ಯಾಡ, ಸಾದಾ ಸಾವು ಅಂತ ಬರೀರಿ ಅಂದೆ."

"ಭಾರೀ ಶಾಣ್ಯಾ ಇದ್ದಿ ಬಿಡು," ಅಂದ ಮುರಗೆಪ್ಪ.

ಜ್ಞಾನದೇವ ತಲೆ ಎತ್ತಲಿಲ್ಲ. "ಇನ್ನೊಂದು ಐತ್ರಿ. ಮೂರನೇ ದಿನ ಎಲುಬು ಆರಸುವಾಗ ಬೂದ್ಯಾಗ ಕಬ್ಬಿಣ ಸಿಕ್ತು. ಬೂದ್ಯಾಗಿಂದು ಮನೀಗೆ ಒಯ್ಯಬಾರದಲ್ಲರಿ. ಎಲುಬಿನ ಕೂಡ ಕೃಷ್ಣೆಗೆ ಬಿಟ್ಟೆ."

ಅವರಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ತಾರಾಬಾಯಿಗೆ ಇದು ಈಗ ಗೊತ್ತಾಯಿತು.

"ಎಷ್ಟಿತ್ತೋ, ಜ್ಞಾನೂ?"

"ಹುಣಸಿಬೀಜದಷ್ಟು, ವೈನಿ."

"ಹಂಗಾದ್ರ ಅದ ಚೂರು." ಅವಳು ಮುರಗೆಪ್ಪನ ಕಡೆ ತಿರುಗಿದಳು. "ಅಷ್ಟು ವರ್ಷ ಅವರ ಪಕ್ಕಿಗೆ ಎಣ್ಣಿ ಹಚ್ಚುವಾಗ ಬೆರಳಿಗೆ ತಾಕ್ತಿತ್ತರಿ. ಅವರು ತೀರಿದ ವರ್ಷದ ದಸರಾದಿಂದ ತಾಕಲಿಲ್ಲ. ಕರಗಿರಬೇಕು ಬಿಡು ಅಂದ್ರು ಅವರು. ಒಳಗ ಸರದಿತ್ತು. ಮುಂದ ಕೆಮ್ಮಿದ್ರ ರಕ್ತ."

ಮುರಗೆಪ್ಪ ಪೆನ್ನಿನ ಮುಚ್ಚಳ ತೆಗೆದ. "ಬರೀತೀನಿ ತಾಯಿ. ಆದ್ರ ಇದು ಹೇಳಿಕಿ. ಪುರಾವೆ ಅಂತ ಹಿಡಿಯೂದಿಲ್ಲ."

"ಬರೀರಿ."

ಅವಳು ಹೇಳಿದಂತೆಯೇ ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು, ಜ್ಞಾನದೇವ ಸಾಕ್ಷಿ ಹಾಕಿದ. ಹದಿನಾಲ್ಕು ತಿಂಗಳ ಮೇಲೆ ಪಿಂಚಣಿ ಕಚೇರಿಯ ಉತ್ತರ ಬಂತು. ಗಾಯವನ್ನು ಒಪ್ಪಿದ್ದರು. ಸಾವಿಗೆ ಅದೇ ಕಾರಣವೆನ್ನಲು ಆಧಾರವಿಲ್ಲ ಎಂದಿದ್ದರು.

ಆ ಬೇಸಿಗೆಯಲ್ಲಿ ಹೊಳೆ ಇಳಿದಾಗ ಜ್ಞಾನದೇವ ಜರಡಿ ಹಿಡಿದು ಎಲುಬು ಬಿಟ್ಟ ಜಾಗದ ಮರಳು ಸೋಸತೊಡಗಿದ. ಊರವರು ನಕ್ಕರು. ತಾರಾಬಾಯಿ ಬೇಡವೆನ್ನಲಿಲ್ಲ. ಮಧ್ಯಾಹ್ನ ರೊಟ್ಟಿ ಒಯ್ದು, ಅವನು ಉಣ್ಣುವ ತನಕ ತಾನು ಜರಡಿ ಹಿಡಿಯುತ್ತಿದ್ದಳು. ಸಿಕ್ಕರೂ ಕಚೇರಿಗೆ ಅದು ಬರೀ ಕಬ್ಬಿಣವೆನ್ನುವುದು ಇಬ್ಬರಿಗೂ ಗೊತ್ತಿತ್ತು.