ತೊಳೆದು ಹಾಕಿದ ಫಿಲ್ಟರ್

ಡಂಬಳದ ಫಕ್ರುಸಾಬರ ಟೆಂಪೊ ಏರು ಬಂದರೆ ಸಾಕು, ಕೆಮ್ಮಲು ಶುರು ಮಾಡುತ್ತಿತ್ತು. ಮುಂಡರಗಿಯ ಮಿಸ್ತ್ರಿ ಮೈಲಾರಪ್ಪ ಸಪ್ಪಳ ಕೇಳಿಯೇ ರೋಗ ಹೇಳಿದ್ದ.

“ಸಾಬರ, ಡೀಸೆಲ್ ಫಿಲ್ಟರ್ ಕಟ್ಟೈತಿ. ಹೊಸಾದು ಹಾಕ್ರಿ.”

“ಹೊಸಾದು ಯಾಕಪಾ? ಮೊನ್ನಿ ಚಿಮಣಿ ಎಣ್ಣಿಯಾಗ ತೊಳದು, ಗ್ವಾಡಿ ಮ್ಯಾಲ ಒಣಗಿಸಿ ಹಾಕೇನಿ. ಬೆಳ್ಳಗಾಗೈತಿ.”

ಫಕ್ರುಸಾಬರು ಜಿಪುಣರಲ್ಲ. ತೊಳೆದರೆ ಹೋಗದ ಕೊಳೆಯೇ ಇಲ್ಲ ಎಂಬುದು ಅವರ ನಂಬಿಕೆ, ಅಷ್ಟೇ. ಹೆಂಡತಿ ಲಾಲಬಿ, “ಮಿಸ್ತ್ರಿ ಮಾತು ಕೇಳ್ರಿ” ಎಂದದ್ದೂ ಗಾಳಿಗೆ ಹೋಯಿತು.

೧೯೮೪ರ ಏಪ್ರಿಲ್ ತಿಂಗಳು. ಮಗಳು ಅಲ್ಮಾಸಬಿಗೆ ಮುಂಡರಗಿಯಲ್ಲಿ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ. ಆ ಮನೆತನದಲ್ಲಿ ಹತ್ತನೆಯವರೆಗೆ ಓದಿದ ಮೊದಲ ಹುಡುಗಿ ಅವಳು. ಮನೆಯಲ್ಲೇ ಗಾಡಿ ಇರುವಾಗ ಬಸ್ಸು ಯಾಕೆ ಎಂದು ಅಪ್ಪನೇ ಕೂರಿಸಿಕೊಂಡು ಹೊರಟರು.

ಅರ್ಧ ದಾರಿಯಲ್ಲಿ ಟೆಂಪೊ ನಿಂತಿತು. ಫಕ್ರುಸಾಬರು ಎಂಜಿನ್ನಿನ ಕೈಪಂಪು ಒತ್ತಿ ಡೀಸೆಲ್ ಕೊಳವೆಯಲ್ಲಿ ಸೇರಿದ ಗಾಳಿ ತೆಗೆದರು. ಒಂದು ಫರ್ಲಾಂಗು ಹೋಗಿ ಮತ್ತೆ ನಿಂತಿತು. ಹೀಗೆ ತೆವಳುತ್ತ ಶಾಲೆ ಮುಟ್ಟುವಷ್ಟರಲ್ಲಿ ಪರೀಕ್ಷೆ ಶುರುವಾಗಿ ಮುಕ್ಕಾಲು ತಾಸು ಆಗಿತ್ತು. ಅರ್ಧ ತಾಸು ಮೀರಿದವರನ್ನು ಒಳಗೆ ಬಿಡುವಂತಿರಲಿಲ್ಲ. ಅಲ್ಮಾಸಬಿ ಅಳಲಿಲ್ಲ. ಕಂಪಾಸ್ ಪೆಟ್ಟಿಗೆ ಹಿಡಿದುಕೊಂಡು ಸುಮ್ಮನೆ ಗೇಟಿನತ್ತ ನೋಡುತ್ತಿದ್ದಳು. ಅವಳ ಮುಖ ನೋಡಲು ಅಪ್ಪನಿಗೆ ಆಗಲಿಲ್ಲ.

ಇಬ್ಬರೂ ಮೈಲಾರಪ್ಪನ ಶೆಡ್ಡಿಗೆ ಬಂದರು. ಅವನು ಫಿಲ್ಟರ್ ಬಿಚ್ಚಿ ತೋರಿಸಿದ. “ನೋಡ್ರಿ, ಇದು ಕಾಗದದ್ದು. ಮಡಿಕಿ ಎಲ್ಲಾ ಒಂದಕ್ಕೊಂದು ಅಂಟಿ ಡೀಸೆಲ್‌ಗೆ ದಾರಿನ ಇಲ್ಲ. ಇಲ್ಲೆ ಹರಿದೈತಿ, ಇಲ್ಲಿಂದ ಕಸ ಸೀದಾ ಪಂಪಿಗೆ ಹೋಗತೈತಿ.”

“ಬೆಳ್ಳಗ ಇತ್ತಲ್ಲೋ ಮೈಲಾರಿ.”

ಅಲ್ಮಾಸಬಿ ಅಪ್ಪನನ್ನು ಮೆಲ್ಲಗೆ ಕೇಳಿದಳು. “ಅಬ್ಬಾ, ನನ್ನ ಹಳೆ ನೋಟಬುಕ್ ತೊಳದು ಒಣಗಿಸಿದ್ರ ಹೊಸಾದಾಗತೈತೇನು?”

ಫಕ್ರುಸಾಬರು ಹರಿದ ಫಿಲ್ಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ, “ತಪ್ಪು ನಂದವ್ವ” ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು.

ಅಂದೇ ಹೊಸ ಫಿಲ್ಟರ್ ಹಾಕಿಸಿದರು. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಡೀಸೆಲ್‌ನಿಂದ ಇಳಿದು ತಳದಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಹೊರಬಿಡುವುದನ್ನೂ ಮೈಲಾರಪ್ಪ ಕಲಿಸಿದ. ಮನೆಯ ಬ್ಯಾರಲ್ಲಿನ ಡೀಸೆಲ್ಲನ್ನು ಲಾಲಬಿ ದಪ್ಪ ಬಟ್ಟೆಯಲ್ಲಿ ಸೋಸದೆ ಕೊಡುವುದನ್ನೇ ಬಿಟ್ಟಳು. ಅಕ್ಟೋಬರಿನಲ್ಲಿ ಗಣಿತದ ಮರುಪರೀಕ್ಷೆಗೆ ಕೂರಲು ಅಲ್ಮಾಸಬಿ ಹೊರಟಾಗ ಟೆಂಪೊ ಎಲ್ಲೂ ಕೆಮ್ಮಲಿಲ್ಲ. ಗೇಟು ತೆರೆಯುವ ಮೊದಲೇ ಅಪ್ಪ ಮಗಳು ಅಲ್ಲಿದ್ದರು.

ಟೆಂಪೊ, ಟ್ರ್ಯಾಕ್ಟರ್, ಜೀಪು ಇಟ್ಟುಕೊಂಡ ಅಣ್ಣಂದಿರೇ, ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕ ತೆಗೆದು ನೋಡಿ. ಅಲ್ಲಿ ಹೇಳಿದ ಹೊತ್ತಿಗೆ ಫಿಲ್ಟರ್ ಬದಲಿಸಿ. ಕಾಗದದ ಫಿಲ್ಟರ್ ತೊಳೆಯಬೇಡಿ. ತಳದ ನೀರನ್ನು ತಪ್ಪದೆ ಹೊರಬಿಡಿ. ನಾಳೆ ನಿಮ್ಮ ಗಾಡಿಯಲ್ಲಿ ಹೆರಿಗೆ ನೋವಿನ ತಂಗಿ ಇರಬಹುದು, ಹಾವು ಕಚ್ಚಿದ ತಮ್ಮ ಇರಬಹುದು. ಅಲ್ಮಾಸಬಿಗೆ ಅಕ್ಟೋಬರ್ ಇತ್ತು. ಅವರಿಗೆ ಇರುವುದಿಲ್ಲ.