ತ್ಸೆರಿಂಗ್ಮಾಳ ಆಚೆ ಮಗ್ಗುಲು

ಗೌರೀಶಂಕರ ಶಿಖರದ ಅರ್ಧ ನೇಪಾಳದ್ದು, ಅರ್ಧ ಟಿಬೆಟ್ಟಿನದು. ಬೇಡಿಂಗ್ ಊರಿನ ನಮಗೆ ಮಾತ್ರ ಅವಳು ಇಡಿಯಾಗಿ ನಮ್ಮ ದೇವಿ, ಜೊಮೊ ತ್ಸೆರಿಂಗ್ಮಾ. ಹೊರಗಿನವರು ಎಷ್ಟೋ ಸಲ ಹತ್ತಲು ಹೆಣಗಿ ಸೋತು ಹೋದರು. ನಡುವೆ ಸರ್ಕಾರವೇ ಬೇಡವೆಂದಿತು. ಕೊನೆಗೂ ಯಾರೋ ತುದಿ ಮುಟ್ಟಿದರು. ಆಮೇಲೆ ಬಂದ ಒಂದು ತಂಡಕ್ಕೆ ನನ್ನ ಗಂಡ ಅಂಗ್ ಗೆಲು ಹಗ್ಗ ಕಟ್ಟುವ ಕೆಲಸಕ್ಕೆ ಸೇರಿಕೊಂಡ.

"ದೇವಿ ತಲೆ ಮೇಲೆ ಕಾಲಿಡೋಕೆ ಹೊರಟವ್ನೆ, ನೀನು ಬಾಯಿ ಮುಚ್ಕೊಂಡಿದ್ಯಲ್ಲೇ!" ಎಂದ ಅತ್ತೆ ಲಾಕ್‌ಪುಟಿ ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ನಾವು ಆಲೂಗಡ್ಡೆ ಅಗೆಯುತ್ತಿದ್ದಾಗ ತಂಡ ಕೆಳಗಿಳಿದು ಬಂತು. ಗೆಲು ಇರಲಿಲ್ಲ. ಅವನ ಜೊತೆ ಹೋಗಿದ್ದ ಯಾನೆಕ್ ಎಂಬ ಗಡ್ಡದ ವಿದೇಶಿಯೂ ಇರಲಿಲ್ಲ. ಮೇಲೆ ಹಿಮ ಕುಸಿದು ಇಬ್ಬರೂ ಟಿಬೆಟ್ ಕಡೆಗೆ ಬಿದ್ದುಹೋದರೆಂದು ತಂಡದ ಮುಖ್ಯಸ್ಥ ತಲೆ ತಗ್ಗಿಸಿ ಹೇಳಿದ. ಸತ್ತವರಿಗೆ ಓದುವ ಮಂತ್ರ ಓದಲು ಲಾಮಾ ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಸತ್ತಿದ್ದು ಕಂಡೋರು ಯಾರು? ಚಹಾ ಕುಡ್ಕೊಂಡು ಹೋಗಿ ಸ್ವಾಮಿ. ಮಂತ್ರ ಬೇಡ."

ನಾನು ಮತ್ತೆ ಗುದ್ದಲಿ ಹಿಡಿದೆ. ಕಣ್ಣು ಮಂಜಾಗಿ ಗೆಡ್ಡೆಗಳನ್ನೇ ಕಡಿದುಹಾಕುತ್ತಿದ್ದೆ. ಅತ್ತೆ ಅದಕ್ಕೂ ಬೈಯಲಿಲ್ಲ.

ಒಂದು ಮಧ್ಯಾಹ್ನ ಗಡಿಯಾಚೆಯಿಂದ ಬರುವ ಮೆನ್ಲುಂಗ್ ದಾರಿಯಲ್ಲಿ ಇಬ್ಬರು ಕುಂಟುತ್ತಾ ಬಂದರು. ಮುಂದಿದ್ದವನು ಹೆಂಗಸರ ಕುರಿತೊಗಲಿನ ನಿಲುವಂಗಿ ತೊಟ್ಟಿದ್ದ. ನಡಿಗೆಯ ಗುರುತು ಸಿಕ್ಕಿದ್ದೇ ತಡ, ನಾನು ಮಣ್ಣಿನಲ್ಲೇ ಕುಸಿದು ಕೂತೆ. ಅತ್ತೆ ಓಡಿದರು.

"ಯಾವಳ ಅಂಗಿನೋ ಇದು?"

"ಆಚೆ ಕಡೆ ಯಾಕ್ ಹಿಂಡು ಮೇಯ್ಸೋ ಅಜ್ಜಿದಮ್ಮಾ. ಹಿಮದ ಜೊತೆ ಆಕಡೆ ಜಾರಿಬಿಟ್ವಿ. ವಾಪಸ್ ಹತ್ತೋಕಾಗ್ದೆ ಅಲ್ಲೇ ಇಳಿದ್ವಿ. ಅಜ್ಜಿ ಗುಡಾರದಲ್ಲಿ ಇಟ್ಕೊಂಡು ಹುರಿಹಿಟ್ಟಿನ ತ್ಸಂಪಾ ತಿನ್ನಿಸಿದ್ಲು. ಗಡಿ ಸೈನಿಕರ ಕಣ್ಣು ತಪ್ಪಿಸಿ ದಾರಿಗೆ ಹಚ್ಚಿದ್ಲು."

ಅತ್ತೆ ಅವನ ಬಿರಿದ ಕೆನ್ನೆ ಸವರಿದರು. "ತುದಿ ಮುಟ್ಟಿದ್ಯಾ?"

ಗೆಲು ನೆಲ ನೋಡಿದ. "ಮುಟ್ಟಿದೆ."

ಅತ್ತೆ ಬೆಟ್ಟದತ್ತ ಕೈ ಮುಗಿದರು.

"ಆದ್ರೂ ಬಿಟ್ಟು ಕಳ್ಸಿದ್ಲಲ್ಲ ತಾಯಿ," ಎಂದು ಉಸಿರುಬಿಟ್ಟರು. ಆಮೇಲೆ ನನ್ನತ್ತ ತಿರುಗಿದರು. "ಏನೇ ಫುರ್ದಿಕಿ, ಮಣ್ಣಲ್ಲೇ ಬೇರು ಬಿಡ್ತೀಯಾ? ಏಳು, ಒಲೆ ಹಚ್ಚು. ಆ ಗಡ್ಡದೋನಿಗೂ ಸೇರಿಸಿ ಬೇಯ್ಸು."

ಅಳು ನಗು ಒಟ್ಟಿಗೇ ಬಂತು ನನಗೆ.

ಯಾನೆಕ್ ಬಿಸಿ ಆಲೂಗಡ್ಡೆಯನ್ನು ಸಿಪ್ಪೆಸಮೇತ ತಿನ್ನುತ್ತಾ ಅತ್ತೆಯ ಹೆಗಲಿಗೆ ಒರಗಿ ಅಲ್ಲೇ ನಿದ್ದೆಹೋದ.

"ಏನು ಭಾರ ಇದಾನಪ್ಪಾ ಇವ್ನು," ಎಂದು ಗೊಣಗಿದರೇ ಹೊರತು ಅತ್ತೆ ಅಲುಗಾಡಲಿಲ್ಲ.